ಕಾಲನಿರ್ಣಯದ ಅಂಚಿನಲ್ಲಿ ಬರೆದ 3.10

ಜುಲೈ ತಿಂಗಳ ಮಳೆ, ಮುಂಬೈಯ ದಹಿಸರ್‌ನ ನಮ್ಮ ಮನೆ. ನನಗೆ 31 ವಾರ. ನಸುಕಿನ ಮೂರು ದಾಟಿತ್ತು, ಎಚ್ಚರವಾದಾಗ ನೈಟಿ ಒದ್ದೆ. ಮಗು ಮೂತ್ರಕೋಶ ಒತ್ತಿರಬೇಕು ಎಂದು ಬಟ್ಟೆ ಬದಲಿಸಿ ಮಲಗಿದೆ. ಮತ್ತೆ ಒದ್ದೆ. ಬಿಗಿಹಿಡಿದರೂ ನಿಲ್ಲುತ್ತಿರಲಿಲ್ಲ, ಕೆಮ್ಮಿದರೆ ಇನ್ನಷ್ಟು. ಸಿನಿಮಾದಲ್ಲಿ ನೀರಿನ ಚೀಲ ಒಡೆದರೆ ನೆಲದ ಮೇಲೆಲ್ಲ ಹರಿಯುತ್ತದೆ. ನನ್ನದು ವಾಷರ್ ಸವೆದ ನಲ್ಲಿಯ ಹಾಗೆ ತೊಟ್ಟಿಕ್ಕುತ್ತಿತ್ತು. ಹಾಗೇ ನಾಲ್ಕು ಗಂಟೆ ಕಳೆದೆ.

ಬೆಳಿಗ್ಗೆ ಅತ್ತೆ ಪ್ಯಾಡ್ ಮೂಸಿ, "ಇದು ಉಚ್ಚೆ ಅಲ್ಲ ಮಾರಾಯ್ತಿ, ನೀರು ಹೋಗ್ತಾ ಉಂಟು" ಎಂದರು. ಬಣ್ಣವಿರಲಿಲ್ಲ. ಹಸಿರೋ ಕಂದೋ ಇದ್ದರೆ ಮಗು ಒಳಗೇ ಮಲ ಮಾಡಿರಬಹುದು, ಇನ್ನೂ ಅವಸರ ಮಾಡಬೇಕು ಎಂದು ಆಮೇಲೆ ತಿಳಿಯಿತು. ನನ್ನವರು ಕಾಲನಿರ್ಣಯ ಕ್ಯಾಲೆಂಡರಿನ ಅಂಚಿನಲ್ಲಿ, ನೀರು ಶುರುವಾದ ಹೊತ್ತು 3.10 ಎಂದು ಬರೆದುಕೊಂಡರು. ಆಸ್ಪತ್ರೆಯಲ್ಲಿ ಎಲ್ಲರೂ ಮೊದಲು ಕೇಳಿದ್ದು ಅದನ್ನೇ.

ಹೆಸರು ಬರೆಸಿದ್ದ ನರ್ಸಿಂಗ್ ಹೋಮ್‌ನಲ್ಲಿ ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇರಲಿಲ್ಲ. ಇಷ್ಟು ತಿಂಗಳು ಎಡತಾಕಿದ್ದೆ, ಒಮ್ಮೆಯೂ ಕೇಳಿರಲಿಲ್ಲ. ಮಳೆಯಲ್ಲಿ ಮತ್ತೆ ರಿಕ್ಷಾ ಹಿಡಿದು ಬೊರಿವಲಿಯ ಆಸ್ಪತ್ರೆಗೆ. ಆಂಬುಲೆನ್ಸಿಗೆ 108ಕ್ಕೆ ಫೋನ್ ಮಾಡಬಹುದು ಎಂದು ಯಾರಿಗೂ ಹೊಳೆಯಲಿಲ್ಲ.

ಹೆರಿಗೆ ಇವತ್ತೇ ಎಂದುಕೊಂಡಿದ್ದೆ. ಡಾಕ್ಟರ್ ಸ್ಪೆಕ್ಯುಲಮ್ ಹಾಕಿ ನೋಡಿದರು, ಬೆರಳು ಹಾಕಲಿಲ್ಲ. ಸೋಂಕು ಮೇಲೇರುವ ಭಯ. "ಸಾಧ್ಯವಾದರೆ 34 ವಾರದ ತನಕ ಎಳೆಯೋಣ" ಎಂದರು. ಮಗುವಿನ ಶ್ವಾಸಕೋಶ ಬಲಿಯಲು ಡೆಕ್ಸಾಮೆಥಾಸೋನ್, 12 ಗಂಟೆಗೊಂದರಂತೆ ನಾಲ್ಕು ಇಂಜೆಕ್ಷನ್. ಜೊತೆಗೆ ಆಂಟಿಬಯೋಟಿಕ್. ಆಮೇಲಿನದೆಲ್ಲ ಬರೀ ಕಾಯುವುದು: ಥರ್ಮಾಮೀಟರ್, ನಾಡಿ, ಮಗುವಿನ ಎದೆಬಡಿತ, ಪ್ಯಾಡಿನ ಬಣ್ಣ. ಜ್ವರ, ದುರ್ವಾಸನೆ, ಹೊಟ್ಟೆ ಮುಟ್ಟಿದರೆ ನೋವು ಕಾಣಿಸಿದರೆ ಮುಂದೆ ಕಾಯುವಂತಿಲ್ಲ.

ಊರಿಂದ ಅಮ್ಮನ ಫೋನ್: "ನೀರೆಲ್ಲ ಹೋದ್ರೆ ಮಗು ಒಣಗುದಿಲ್ವಾ?" ನನಗೂ ಅದೇ ಹೆದರಿಕೆ. ಕೇಳಿದ್ದಕ್ಕೆ ನರ್ಸ್ ನಕ್ಕರು. ಮಗು ಒಳಗೆ ಉಚ್ಚೆ ಹೊಯ್ಯುತ್ತಲೇ ಇರುತ್ತದೆ, ಆ ನೀರು ಬಹುಪಾಲು ಅದೇ! ಸೋರಿದರೂ ಮತ್ತೆ ತುಂಬುತ್ತಿರುತ್ತದೆ. ಈ ಮಾತು ನನಗೆ ಕೊಟ್ಟಷ್ಟು ಧೈರ್ಯ ಯಾವ ರಿಪೋರ್ಟೂ ಕೊಡಲಿಲ್ಲ.

34 ಮುಟ್ಟಲಿಲ್ಲ. ಹನ್ನೊಂದನೇ ದಿನ ಸಂಜೆ ಜ್ವರ 100.6 ತೋರಿಸಿತು, ರಾತ್ರಿಯೇ ಹೆರಿಗೆ. ಮಗಳು 1 ಕಿಲೊ 700 ಗ್ರಾಂ. ಹದಿನಾರು ದಿನ ಎನ್‌ಐಸಿಯುವಿನಲ್ಲಿದ್ದಳು. ಈಗ ಮಳೆ ಬಂದರೆ ದಹಿಸರ್ ನದಿ ತುಂಬಿದೆಯೋ ನೋಡಲು ಅಪ್ಪನನ್ನು ಎಳೆದುಕೊಂಡು ಹೋಗುತ್ತಾಳೆ.

ಬಸುರಿನಲ್ಲಿ ಒದ್ದೆ ಅನ್ನಿಸಿದರೆ, ಉಚ್ಚೆಯೋ ನೀರೋ ಎಂದು ಮನೆಯಲ್ಲಿ ಕೂತು ತೀರ್ಮಾನಿಸಬೇಡಿ. ಮತ್ತೆ, ನೀವು ತೋರಿಸುವ ಕಡೆ ಎನ್‌ಐಸಿಯು ಇದೆಯೇ ಎಂದು ಮುಂದಿನ ತಪಾಸಣೆಗೆ ಹೋದಾಗಲೇ ಕೇಳಿಬಿಡಿ.