ವರ್ತಕರ ನಾಣ್ಯ: ಟ್ರೇಡ್ ಡಾಲರ್‌ಗಳ ಸಂಗ್ರಹ ಹಾಗೂ ಪರೀಕ್ಷೆ

ಬೆಳ್ಳಿ ನಾಣ್ಯಗಳನ್ನು ಕೂಡಿಡುವ ಅಭ್ಯಾಸವು ವರ್ತಕ ಮನೆತನಗಳಿಗೆ ಹೊಸದಲ್ಲ. ವಿಕ್ಟೋರಿಯಾ ರಾಣಿಯ ಮುದ್ರೆಯುಳ್ಳ ರೂಪಾಯಿಗಳು ಅನೇಕರ ತಿಜೋರಿಗಳಲ್ಲಿ ಇಂದಿಗೂ ಇವೆ. ಆದರೆ ಆ ರೂಪಾಯಿಯ ತೂಕ ಕೇವಲ 11.66 ಗ್ರಾಂ. ವಿಶ್ವದ ಸಂಗ್ರಾಹಕರು ‘ಕ್ರೌನ್ ಗಾತ್ರ’ವೆಂದು ಕರೆಯುವ ನಾಣ್ಯಗಳು ಅದರ ಎರಡು ಪಟ್ಟಿಗೂ ಹೆಚ್ಚು ತೂಗುತ್ತವೆ. ಸ್ಪೇನಿನ ಎಂಟು ರಿಯಾಲ್, ಆಸ್ಟ್ರಿಯಾದ ಮರಿಯಾ ತೆರೇಸಾ ಥಾಲರ್, ಅಮೆರಿಕದ ಮಾರ್ಗನ್ ಡಾಲರ್ ಇವೆಲ್ಲ ಈ ವರ್ಗಕ್ಕೆ ಸೇರಿದವು. ಇವುಗಳಲ್ಲಿ ವ್ಯಾಪಾರಕ್ಕೆಂದೇ ಟಂಕಿಸಲ್ಪಟ್ಟ ಟ್ರೇಡ್ ಡಾಲರ್‌ಗಳನ್ನು ಕುರಿತು ಇಲ್ಲಿ ವಿವೇಚಿಸಲಾಗಿದೆ.

ಚೀನಾದಲ್ಲಿ ಬೆಳ್ಳಿಗೆ ಬೆಲೆ ಬರುತ್ತಿದ್ದುದು ಅದರ ಮೇಲಿನ ರಾಜಮುದ್ರೆಯಿಂದಲ್ಲ, ತೂಕ ಮತ್ತು ಶುದ್ಧತೆಯಿಂದ. ಚಹಾ, ರೇಷ್ಮೆ ಕೊಳ್ಳಲು ಹೋದ ಪಾಶ್ಚಾತ್ಯ ವರ್ತಕರು ಮೊದಲು ಸ್ಪೇನಿನ, ಅನಂತರ ಮೆಕ್ಸಿಕೋದ ನಾಣ್ಯಗಳನ್ನು ಒಯ್ಯುತ್ತಿದ್ದರು. ಈ ಮಾರುಕಟ್ಟೆಯಲ್ಲಿ ಪಾಲು ಪಡೆಯಲು ಅಮೆರಿಕವು 1873ರಲ್ಲಿ 27.22 ಗ್ರಾಂ ತೂಕದ ಟ್ರೇಡ್ ಡಾಲರನ್ನು ಹೊರತಂದಿತು. ಬೆಳ್ಳಿಯ ಬೆಲೆ ಕುಸಿದಾಗ, 1876ರಲ್ಲಿ, ಸ್ವದೇಶದಲ್ಲಿ ಅದಕ್ಕಿದ್ದ ಕಾನೂನುಬದ್ಧ ಚಲಾವಣೆಯ ಮಾನ್ಯತೆಯನ್ನು ಹಿಂಪಡೆಯಲಾಯಿತು. ಕೆಲವು ಮಾಲೀಕರು ಈ ನಾಣ್ಯಗಳನ್ನು ವಟ್ಟದಲ್ಲಿ ಕೊಂಡು, ಕಾರ್ಮಿಕರಿಗೆ ಪೂರ್ಣ ಮುಖಬೆಲೆಯ ಲೆಕ್ಕದಲ್ಲಿ ಕೂಲಿಯಾಗಿ ಕೊಟ್ಟರು. ನಷ್ಟವು ಯಾರ ತಲೆಗೆ ಬಂತೆಂಬುದನ್ನು ಬೇರೆ ಹೇಳಬೇಕಾಗಿಲ್ಲ. 1887ರಲ್ಲಷ್ಟೇ ಸರ್ಕಾರವು ಅವುಗಳನ್ನು ಮರಳಿ ಪಡೆಯಲು ಒಪ್ಪಿತು.

ನಮಗೆ ಹೆಚ್ಚು ಹತ್ತಿರವಾದುದು 1895ರಿಂದ ಹೊರಬಂದ ಬ್ರಿಟಿಷ್ ಟ್ರೇಡ್ ಡಾಲರ್. ಹಾಂಕಾಂಗ್, ಮಲಯ ಮುಂತಾದ ಪೂರ್ವದ ಬಂದರುಗಳಿಗಾಗಿ ಸಿದ್ಧವಾದ ಈ ನಾಣ್ಯದ ಬಹುಪಾಲು ಟಂಕನ ನಡೆದದ್ದು ಮುಂಬಯಿಯ ಟಂಕಸಾಲೆಯಲ್ಲಿ. ಕಲ್ಕತ್ತೆಯಲ್ಲಿಯೂ ಸ್ವಲ್ಪ ಭಾಗ ಟಂಕಿತವಾಯಿತು. ಒಂದು ಮುಖದಲ್ಲಿ ತ್ರಿಶೂಲ ಹಿಡಿದು ನಿಂತ ಬ್ರಿಟಾನಿಯಾ, ಇನ್ನೊಂದರಲ್ಲಿ ಚೀನೀ ಲಿಪಿಯಲ್ಲಿಯೂ ಅರಬ್ಬೀ ಲಿಪಿಯ ಮಲಯ ಭಾಷೆಯಲ್ಲಿಯೂ ಬರೆದ ಬೆಲೆ. ತ್ರಿಶೂಲದ ನಡುವಿನ ಮೊನೆಯಲ್ಲಿ ಸಣ್ಣ ‘ಬಿ’ ಅಕ್ಷರವಿದ್ದರೆ ಅದು ಮುಂಬಯಿಯದು. ನೋಡಲು ಭೂತಗನ್ನಡಿ ಬೇಕು. 1935ರಲ್ಲಿ ಇದರ ಟಂಕನ ನಿಂತಿತು. ಚೀನಾ ಬೆಳ್ಳಿಯ ಮಾನವನ್ನು ತ್ಯಜಿಸಿದ್ದೂ ಅದೇ ವರ್ಷ.

ಇಂತಹ ನಾಣ್ಯಗಳ ಮೇಲೆ ಚಿಕ್ಕ ಚೀನೀ ಅಕ್ಷರಗಳ ಒತ್ತುಗುರುತುಗಳನ್ನು ಕಾಣಬಹುದು. ಅಲ್ಲಿನ ವರ್ತಕರು ಅಥವಾ ಹಣ ಪರೀಕ್ಷಕರು ನಾಣ್ಯವನ್ನು ಪರಿಶೀಲಿಸಿ, ‘ಇದು ಒಳ್ಳೆಯ ಬೆಳ್ಳಿ’ ಎಂಬುದಕ್ಕೆ ಹೊಣೆಯಾಗಿ ತಮ್ಮ ಗುರುತನ್ನು ಒತ್ತುತ್ತಿದ್ದರು. ಈ ಪರೀಕ್ಷಕರನ್ನು ಅಲ್ಲಿನ ಆಂಗ್ಲ ವ್ಯಾಪಾರಿಗಳು ಕರೆದದ್ದು ನಮ್ಮ ‘ಶರಾಫ’ ಎಂಬ ಪದದಿಂದಲೇ. ಹಾಂಕಾಂಗಿನಲ್ಲಿ ವಾಹನ ನಿಲುಗಡೆಯ ಶುಲ್ಕ ಕಟ್ಟುವ ಕಿಟಕಿಗೆ ಇಂದಿಗೂ ಅದೇ ಹೆಸರು. ಹಿಂದೆ ಒತ್ತುಗುರುತುಳ್ಳ ನಾಣ್ಯವನ್ನು ಕೆಟ್ಟುಹೋದ ಮಾಲೆಂದು ಬದಿಗಿಡುತ್ತಿದ್ದರು. ಈಗ ಅವುಗಳನ್ನೇ ಅರಸುವ ಸಂಗ್ರಾಹಕರಿದ್ದಾರೆ. ವರ್ತಕರಾದವರಿಗೆ ನುಣುಪಾದ ನಾಣ್ಯಕ್ಕಿಂತ ಇವೇ ಹೆಚ್ಚು ಅರ್ಥಪೂರ್ಣವೆಂಬುದು ಈ ಲೇಖಕನ ಅಭಿಪ್ರಾಯ.

ಕೊಳ್ಳುವ ಮುನ್ನ ಲೋಹದ ಬೆಲೆಯನ್ನೂ ಸಂಗ್ರಹದ ಬೆಲೆಯನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕತಕ್ಕದ್ದು. ಬ್ರಿಟಿಷ್ ಟ್ರೇಡ್ ಡಾಲರ್ 26.95 ಗ್ರಾಂ ತೂಗುತ್ತದೆ. ಅದರಲ್ಲಿ ಶೇಕಡಾ 90, ಅಂದರೆ ಸುಮಾರು 24.25 ಗ್ರಾಂ, ಶುದ್ಧ ಬೆಳ್ಳಿ. ಆ ದಿನದ ಗ್ರಾಂ ದರದಿಂದ ಗುಣಿಸಿದರೆ ಬರುವುದು ಲೋಹದ ಬೆಲೆ. ಮಾರುವವನು ಅದಕ್ಕಿಂತ ಹೆಚ್ಚು ಕೇಳುವುದೆಲ್ಲವೂ ನಾಣ್ಯದ ನೈಜತೆ, ವಿರಳತೆ ಮತ್ತು ಸ್ಥಿತಿಯ ಮೇಲಿನ ನಂಬಿಕೆ. ನಕಲಿ ನಾಣ್ಯಗಳ ಹಾವಳಿ ವಿಪರೀತವಾಗಿರುವುದರಿಂದ ಆ ನಂಬಿಕೆಯನ್ನು ತಕ್ಕಡಿಯಲ್ಲಿ ಪರೀಕ್ಷಿಸಲೇಬೇಕು.

ಆಭರಣದ ಅಂಗಡಿಯ ಸೂಕ್ಷ್ಮ ತಕ್ಕಡಿ ಇದ್ದರೆ ಸಾಕು. ಮೊದಲು ನಾಣ್ಯವನ್ನು ಗಾಳಿಯಲ್ಲಿ ತೂಗಿ, ಬಳಿಕ ದಾರದಲ್ಲಿ ತೂಗುಹಾಕಿ ನೀರಿನಲ್ಲಿ ಪೂರ್ಣ ಮುಳುಗಿಸಿ ತೂಗಬೇಕು. ಈ ಮಿಶ್ರಲೋಹದ ಸಾಪೇಕ್ಷ ಸಾಂದ್ರತೆ ಸುಮಾರು 10.3 ಆಗಿರುವುದರಿಂದ ಅಸಲಿ ನಾಣ್ಯವು ನೀರಿನಲ್ಲಿ ಸುಮಾರು 2.6 ಗ್ರಾಂ ಕಡಿಮೆ ತೂಗುತ್ತದೆ. ಅಷ್ಟೇ ತೂಕದ ತಾಮ್ರ-ನಿಕ್ಕಲ್ ನಕಲಿಯಾದರೆ 3 ಗ್ರಾಂ, ಹಿತ್ತಾಳೆಯದಾದರೆ ಇನ್ನೂ ತುಸು ಹೆಚ್ಚು ಕಡಿಮೆಯಾಗುತ್ತದೆ. ಅಯಸ್ಕಾಂತಕ್ಕೆ ಅಂಟಲಿಲ್ಲವೆಂದು ನಿಶ್ಚಿಂತರಾಗಬಾರದು, ಹಿತ್ತಾಳೆಯೂ ಅಂಟುವುದಿಲ್ಲ. ಬೆಳ್ಳಿಯಲ್ಲಿಯೇ ಮಾಡಿದ ನಕಲಿಯು ಈ ಪರೀಕ್ಷೆಯನ್ನು ದಾಟಬಲ್ಲದು. ಅಲ್ಲಿ ಅಂಚಿನ ಗೀರು, ಅಕ್ಷರದ ಆಕಾರಗಳನ್ನು ನಿಶ್ಚಿತ ಅಸಲಿಯೊಂದಿಗೆ ಹೋಲಿಸಿ ನೋಡುವುದೊಂದೇ ದಾರಿ.

ಇಸವಿಯನ್ನು ಮಾತ್ರ ನಂಬುವುದೂ ಸಲ್ಲದು. ಮರಿಯಾ ತೆರೇಸಾ ಥಾಲರಿನ ಮೇಲೆ 1780 ಎಂದಿರುತ್ತದೆ. ರಾಣಿ ತೀರಿಕೊಂಡ ವರ್ಷವದು. ಅದೇ ಇಸವಿಯೊಡನೆ ಅದನ್ನು ಎರಡು ಶತಮಾನಗಳಿಗೂ ಮಿಕ್ಕಿ ಟಂಕಿಸಲಾಗಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮುಂಬಯಿಯಲ್ಲಿಯೂ ಅದು ತಯಾರಾಯಿತು.

ಕೊಂಡ ನಾಣ್ಯವನ್ನು ಪಾಲಿಷ್ ಮಾಡಿ ಹೊಳೆಯಿಸಿದರೆ ಸಂಗ್ರಹದ ಬೆಲೆ ಕುಸಿಯುತ್ತದೆ. ಪಿವಿಸಿ ಪ್ಲಾಸ್ಟಿಕ್ ಲಕೋಟೆಗಳಲ್ಲಿಟ್ಟರೆ ಕಾಲಾಂತರದಲ್ಲಿ ಹಸಿರು ಅಂಟು ಹಿಡಿಯುತ್ತದೆ.

ಕಾನೂನಿನ ವಿಷಯವನ್ನು ಅಲಕ್ಷಿಸುವಂತಿಲ್ಲ. 1972ರ ಪುರಾವಸ್ತು ಮತ್ತು ಕಲಾನಿಧಿ ಅಧಿನಿಯಮದಂತೆ ನೂರು ವರ್ಷ ತುಂಬಿದ ನಾಣ್ಯವು ಪುರಾವಸ್ತು. ಖಾಸಗಿ ವ್ಯಕ್ತಿಯು ಅದನ್ನು ವಿದೇಶಕ್ಕೆ ರಫ್ತು ಮಾಡುವಂತಿಲ್ಲ. ಮಾರಾಟವನ್ನು ವೃತ್ತಿಯಾಗಿ ನಡೆಸಲು ಪರವಾನಗಿ ಬೇಕು. ವಿದೇಶೀ ಗ್ರಾಹಕರಿಗೆ ಉಡುಗೊರೆ ಕಳುಹಿಸುವ ರೂಢಿಯುಳ್ಳ ರಫ್ತುದಾರರು ಇದನ್ನು ವಿಶೇಷವಾಗಿ ಗಮನಿಸಬೇಕು. ಈ ಗಡಿ ವರ್ಷದಿಂದ ವರ್ಷಕ್ಕೆ ಮುಂದೆ ಸರಿಯುತ್ತದೆ: 1930ರ ಇಸವಿಯ ಮುಂಬಯಿ ಡಾಲರ್ 2030ರಲ್ಲಿ ಅದರೊಳಗೆ ಬರುತ್ತದೆ. ಆದುದರಿಂದ ಪ್ರತಿ ಖರೀದಿಗೂ ಇಸವಿ, ಟಂಕಸಾಲೆಯ ಗುರುತು ಮತ್ತು ತೂಕವನ್ನು ನಮೂದಿಸಿದ ಬಿಲ್ಲನ್ನು ಪಡೆದು, ನಾಣ್ಯದ ಜೊತೆಯಲ್ಲಿಯೇ ಕಾಯ್ದಿರಿಸತಕ್ಕದ್ದು.