ಬಾಡಿಗೆಗೆಂದು ಮನೆ: ವಿದ್ಯಾರ್ಥಿಗಳಿಗೋ, ಸಂಸಾರಸ್ಥರಿಗೋ?

ವರ್ಷಾನುಗಟ್ಟಲೆ ದುಡಿದು ಪ್ರಾವಿಡೆಂಟ್ ಫಂಡಿನ ಹಣ ಕೈಗೆ ಬಂದಾಗ, ಚೆನ್ನೈಯಲ್ಲೇ ಸಣ್ಣದೊಂದು ಮನೆ ಕೊಂಡು ಬಾಡಿಗೆಗೆ ಬಿಡೋಣವೆಂಬ ಯೋಚನೆ ನಮ್ಮವರಲ್ಲಿ ಅನೇಕರಿಗೆ ಬರುವುದುಂಟು. ಆಗ ದಲ್ಲಾಳಿ ಹೇಳುವ ಮೊದಲ ಮಾತು, “ಕಾಲೇಜಿನ ಹತ್ತಿರ ಕೊಳ್ಳಿ, ತಲೆಗಿಷ್ಟೆಂದು ಬಾಡಿಗೆ ಬರುತ್ತದೆ” ಎಂದು. ಈ ಮಾತನ್ನು ಜಮಾಖರ್ಚಿನ ಪುಸ್ತಕಕ್ಕೆ ಏರಿಸಿ ನೋಡೋಣ.

ಎರಡು ಕೋಣೆಯ ಮನೆಯೊಂದಿದೆ ಎಂದುಕೊಳ್ಳಿ. ನಾಲ್ವರು ಹುಡುಗರು ತಲೆಗೆ 4,000 ರೂಪಾಯಿಯಂತೆ ತಿಂಗಳಿಗೆ 16,000 ಕೊಡುತ್ತಾರೆ. ಅದೇ ಮನೆಗೆ ಒಂದು ಸಂಸಾರ ಕೊಡುವುದು 12,000. ಪರೀಕ್ಷೆ ಮುಗಿಸಿ ಹುಡುಗರು ಊರಿಗೆ ಹೋದ ಮೇಲೆ ಮೂರು ತಿಂಗಳು ಮನೆ ಖಾಲಿ ಉಳಿದರೆ, 9 ತಿಂಗಳ ವಸೂಲಿ 1,44,000. ಸಂಸಾರಸ್ಥರಿಂದ 12 ತಿಂಗಳಿಗೆ ಬರುವುದೂ ಅಷ್ಟೇ! ಮಂಚ, ಫ್ಯಾನು, ವರ್ಷ ವರ್ಷದ ಸುಣ್ಣಬಣ್ಣ, ಮತ್ತೆ ಮತ್ತೆ ದಲ್ಲಾಳಿಯ ಕೂಲಿ, ಇವೆಲ್ಲ ಖರ್ಚಿನ ಕಡೆಗೆ ಬೇರೆ. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾದಿಂದ ಕಾಲೇಜುಗಳು ಮುಚ್ಚಿ ಹುಡುಗರು ಊರು ಸೇರಿದ್ದನ್ನೂ ಮರೆಯಬಾರದು. ಸಾಲದ ಕಂತು ಮಾತ್ರ ಊರಿಗೆ ಹೋಗುವುದಿಲ್ಲ.

ಕಾಲೇಜು ಹತ್ತಿರವೆಂಬುದಕ್ಕೂ ಮರುಳಾಗಬೇಡಿ. ಐ.ಐ.ಟಿ. ವಿದ್ಯಾರ್ಥಿಗಳು ಬಹುಮಟ್ಟಿಗೆ ಅಲ್ಲಿಯ ಹಾಸ್ಟೆಲುಗಳಲ್ಲೇ ಇರುವವರು. ಅದನ್ನು ತೋರಿಸಿ ವೇಳಚ್ಚೇರಿಯಲ್ಲಿ ಮನೆ ಮಾರುವವನು 2015ರ ಡಿಸೆಂಬರಿನ ನೆರೆಯ ಮಾತೆತ್ತಲಾರ. ಒಂಟಿಗರಿಗೆ ತಿರುವಲ್ಲಿಕ್ಕೇಣಿಯ ಮ್ಯಾನ್‌ಷನ್ನುಗಳಿದ್ದೇ ಇವೆ. ನಮ್ಮಲ್ಲಿ ಎಷ್ಟೋ ಮಂದಿ ಅಲ್ಲಿ ಮೂಟೆ ಬಿಚ್ಚಿದವರೇ. ಹೆಣ್ಣುಮಕ್ಕಳ ಹಾಸ್ಟೆಲು ನಡೆಸುವುದಾದರೆ 2014ರ ಕಾಯಿದೆಯಂತೆ ಲೈಸೆನ್ಸು ಬೇಕು. ಕೆಳಗಡೆ ತಾವೇ ವಾಸವಾಗಿದ್ದು ಮಹಡಿಯನ್ನು ಹುಡುಗರಿಗೆ ಕೊಡುವವರಿಗೆ ಲಾಭವುಂಟು. ಹೊತ್ತಾರೆ ಹೋಗಿ ರಾತ್ರಿ ಬರುವ ಮಿಲ್ಲಿನವರಿಗೆ ಅದು ಎರಡನೆಯ ನೌಕರಿಯೇ ಸರಿ. ಅಂಥವರಿಗೆ ಸಂಸಾರಸ್ಥರ ಮನೆಯೇ ಮೇಲು.

ಆದರೆ ಅಗ್ಗದ ಮನೆ ಏಕೆ ಅಗ್ಗವೆಂದು ಕೇಳಬೇಕು. ಫ್ಲಾಟಾದರೆ ಕ್ರಯಪತ್ರದಲ್ಲಿ ನೆಲದ ಪಾಲು ಎಷ್ಟು ಚದರಡಿ ಎಂದು ಮೊದಲು ನೋಡಿ. ಗೋಡೆ ಹಳತಾಗುತ್ತದೆ, ಬೆಲೆ ಏರುವುದು ನೆಲಕ್ಕೆ. ಪಟ್ಟಾ, ಋಣಭಾರ ಪತ್ರ, ಕಟ್ಟಡದ ಮಂಜೂರಾತಿ ನಕ್ಷೆ ಇವನ್ನು ವಕೀಲರಿಗೆ ತೋರಿಸಿ. 2019ರ ಬೇಸಿಗೆಯಲ್ಲಿ ಊರಿಗೆ ಊರೇ ನೀರಿಗಾಗಿ ಬಾಯಿ ಬಿಟ್ಟಾಗ ಆ ಬೀದಿಯ ಬಾವಿ ಹೇಗಿತ್ತೆಂದು ಅಕ್ಕಪಕ್ಕದವರನ್ನು ವಿಚಾರಿಸಿ. ಹಳೆಯ ಮನೆಗೆ ಮುದ್ರಾಂಕ, ನೋಂದಣಿ ಸೇರಿ ಸಾಮಾನ್ಯವಾಗಿ ನೂರಕ್ಕೆ 9 ರೂಪಾಯಿ ಬೀಳುತ್ತದೆ. 20 ಲಕ್ಷಕ್ಕೆ 1,80,000.

ಬಾಡಿಗೆಗೆ ಯಾರೇ ಬರಲಿ, 2019ರ ಫೆಬ್ರವರಿಯಿಂದ ಜಾರಿಯಲ್ಲಿರುವ ತಮಿಳುನಾಡಿನ ಕಾಯಿದೆಯಂತೆ ಕರಾರು ಬರಹದಲ್ಲಿದ್ದು, ಬಾಡಿಗೆ ಪ್ರಾಧಿಕಾರದಲ್ಲಿ ನೋಂದಣಿಯಾಗಬೇಕು. ಬೇರೆ ಒಪ್ಪಂದವಿಲ್ಲದಿದ್ದರೆ ಮುಂಗಡ ಮೂರು ತಿಂಗಳ ಬಾಡಿಗೆಯನ್ನು ಮೀರುವಂತಿಲ್ಲ.