ಹಳೆಯ ಹೊಲಿಗೆಯಂತ್ರದ ಪ್ರಯಾಣ

ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರು ಬತ್ತದ ಸೀಮೆಯೆಂದು ಹೆಸರಾಯಿತು. ಆ ಊರಿನಲ್ಲಿ ಅಕ್ಕಿಗಿರಣಿಗಳ ಸದ್ದು ಎಲ್ಲರಿಗೂ ಕೇಳಿಸುತ್ತದೆ. ಓಣಿಯೊಳಗೆ ಕಾಲಿಟ್ಟವರಿಗೆ ಇನ್ನೊಂದು ಯಂತ್ರದ ಸಣ್ಣ ಸದ್ದೂ ಕೇಳಿಸುತ್ತದೆ. ಅದು ಹೊಲಿಗೆಯಂತ್ರದ್ದು. ಯುಗಾದಿ ಬಂದಾಗ, ಮದುವೆಯ ಕಾಲದಲ್ಲಿ, ಶಾಲೆಗಳು ತೆರೆಯುವ ದಿನಗಳಲ್ಲಿ ಆ ಸದ್ದು ನಡುರಾತ್ರಿಯವರೆಗೂ ನಿಲ್ಲುವುದಿಲ್ಲ. ಎಷ್ಟೋ ಮನೆಗಳ ಒಲೆ ಉರಿಯುವುದು ಆ ಸದ್ದಿನಿಂದಲೇ.

ಈ ಯಂತ್ರದ ಹುಟ್ಟು ಸುಲಭವಾಗಿರಲಿಲ್ಲ. ಫ್ರಾನ್ಸಿನ ದರ್ಜಿ ಬಾರ್ತಲೆಮಿ ತಿಮೋನಿಯೆ 1830ರಲ್ಲಿ ತನ್ನ ಯಂತ್ರಕ್ಕೆ ಹಕ್ಕುಪತ್ರ ಪಡೆದು, ಸೈನಿಕರ ಉಡುಪನ್ನು ಹೊಲಿಯುವ ಕಾರ್ಖಾನೆಯನ್ನು ತೆರೆದನು. ತಮ್ಮ ಅನ್ನಕ್ಕೆ ಕುತ್ತು ಬಂದಿತೆಂದು ಹೆದರಿದ ದರ್ಜಿಗಳು ಅವನ ಯಂತ್ರಗಳನ್ನು ಪುಡಿಪುಡಿ ಮಾಡಿದರು. ಮುಂದೆ 1846ರಲ್ಲಿ ಅಮೆರಿಕದ ಎಲಿಯಾಸ್ ಹೋವ್, 1851ರಲ್ಲಿ ಐಸಾಕ್ ಸಿಂಗರ್ ಹಕ್ಕುಪತ್ರಗಳನ್ನು ಪಡೆದರು. ಸಿಂಗರ್ ಸಂಸ್ಥೆಯು ಕಂತಿನ ಮೇಲೆ ಯಂತ್ರವನ್ನು ಮಾರುವ ಪದ್ಧತಿಯನ್ನು ರೂಢಿಗೆ ತಂದುದರಿಂದ, ಒಮ್ಮೆಗೇ ಹಣ ಕೊಡಲಾರದ ಸಾಮಾನ್ಯರ ಮನೆಗೂ ಅದು ಪ್ರವೇಶಿಸಿತು. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಎಂಬ ಊರಿನಲ್ಲಿದ್ದ ಅದರ ದೊಡ್ಡ ಕಾರ್ಖಾನೆಯು 1980ರಲ್ಲಿ ಮುಚ್ಚಿಹೋಯಿತು. ಅಲ್ಲಿ ತಯಾರಾದ ಯಂತ್ರಗಳು ಮಾತ್ರ ಇಂದಿಗೂ ಬಟ್ಟೆ ಹೊಲಿಯುತ್ತಿವೆ. ದೊಡ್ಡ ಯಂತ್ರಗಳ ಮೋಹವನ್ನು ಕಟುವಾಗಿ ಟೀಕಿಸುತ್ತಿದ್ದ ಗಾಂಧೀಜಿಯವರೂ 1924ರಲ್ಲಿ ರಾಮಚಂದ್ರನ್ ಎಂಬವರೊಡನೆ ಮಾತನಾಡುತ್ತ, ಸಿಂಗರ್ ಹೊಲಿಗೆಯಂತ್ರಕ್ಕೆ ತಮ್ಮ ಟೀಕೆಯಿಂದ ವಿನಾಯಿತಿ ಕೊಟ್ಟರು. ಅದು ಮನುಷ್ಯನ ದುಡಿಮೆಯನ್ನು ಕಸಿಯದೆ ಅವನ ಶ್ರಮವನ್ನು ಹಗುರಗೊಳಿಸುತ್ತದೆಂಬುದು ಅವರ ಭಾವನೆಯಾಗಿತ್ತು.

ಹಳೆಯ ಹೊಲಿಗೆಯಂತ್ರಗಳು ಇಷ್ಟು ಕಾಲ ಬಾಳುವುದೇಕೆ? ಅವುಗಳ ಮೈ ಬೀಡುಕಬ್ಬಿಣದ್ದು. ಒಳಗಿನ ಭಾಗಗಳು ಉಕ್ಕಿನವು. ಸವೆದ ಭಾಗವನ್ನು ತಿರುಪು ಬಿಚ್ಚಿ ತೆಗೆದು ಬೇರೊಂದನ್ನು ಜೋಡಿಸಬಹುದು. ಸಿಂಗರ್‌ನ 15ನೆಯ ವರ್ಗದ ಯಂತ್ರದ ಮಾದರಿಯನ್ನು ಅನೇಕ ದೇಶಗಳ ತಯಾರಕರು ಅನುಸರಿಸಿದ್ದರಿಂದ ಅದರ ಬಿಡಿಭಾಗಗಳು ಈಗಲೂ ದೊರೆಯುತ್ತವೆ. ಇಂದು ಅಂಗಡಿಯಲ್ಲಿ ಸಿಗುವ ಮನೆಬಳಕೆಯ ಸೂಜಿಗೆ 15×1 ಎಂಬ ಹೆಸರು ಉಳಿದಿರುವುದೂ ಆ ವರ್ಗದಿಂದಲೇ. ಯಂತ್ರದ ಹಾಸಿನ ಮೇಲೆ ಅಚ್ಚೊತ್ತಿದ ಅಕ್ಷರ ಮತ್ತು ಸಂಖ್ಯೆಯಿಂದ ಅದು ಯಾವ ಕಾರ್ಖಾನೆಯಲ್ಲಿ, ಯಾವ ಕಾಲದಲ್ಲಿ ತಯಾರಾಯಿತೆಂದು ತಿಳಿಯಬಹುದು. ಸಿಂಧನೂರಿಗೆ ಸಮೀಪದ ಮಸ್ಕಿಯಲ್ಲಿ 1915ರಲ್ಲಿ ಕಂಡುಬಂದ ಶಾಸನವು ಅಶೋಕನ ಹೆಸರನ್ನೇ ಹೇಳಿ, ‘ದೇವಾನಾಂಪ್ರಿಯ’ನು ಯಾರೆಂಬ ಪ್ರಶ್ನೆಯನ್ನು ಬಗೆಹರಿಸಿತು. ಕೊರೆದಿಟ್ಟ ಒಂದು ಸಾಲು ಕೇಳಿದ ನೂರು ಮಾತಿಗಿಂತ ಬಲವಾದ ಸಾಕ್ಷಿ. ಕಲ್ಲಿಗೆ ಸಲ್ಲುವ ಈ ಮಾತು ಯಂತ್ರಕ್ಕೂ ಸಲ್ಲುತ್ತದೆ. ಕೊಳ್ಳುವ ವ್ಯವಹಾರಕ್ಕೂ ಸಲ್ಲುತ್ತದೆ. ಅದಕ್ಕೆ ಒಂದು ನಿದರ್ಶನವಿದು.

ಸಿಂಧನೂರಿನ ಒಂದು ಓಣಿಯಲ್ಲಿ ತಾಯಿಯೂ ಮಗಳೂ ಹೊಲಿಗೆಯಿಂದ ಜೀವನ ಸಾಗಿಸುತ್ತಿದ್ದರು. ಜೂನ್ ತಿಂಗಳಲ್ಲಿ ಕೊಡಬೇಕಾದ ಶಾಲಾ ಸಮವಸ್ತ್ರಗಳ ಕೆಲಸವನ್ನು ಅವರು ಒಪ್ಪಿಕೊಂಡಿದ್ದರು. ಮನೆಯಲ್ಲಿದ್ದ ಹಗುರವಾದ ಯಂತ್ರವು ದಪ್ಪ ಬಟ್ಟೆಯ ನಾಲ್ಕು ಮಡಿಕೆಗಳನ್ನು ಹೊಲಿಯಲಾರದೆ ತಡವರಿಸುತ್ತಿತ್ತು. ಮಗಳು ಮೊಬೈಲಿನಲ್ಲಿ ಅಂತರಜಾಲದ ಮಾರುಕಟ್ಟೆಯನ್ನು ಹುಡುಕಿ, ದೂರದ ನಗರದ ಹಳೆಯ ಸಾಮಾನುಗಳ ವ್ಯಾಪಾರಿಯೊಬ್ಬನಲ್ಲಿ 15ನೆಯ ವರ್ಗದ ಕೈಯಂತ್ರವೊಂದನ್ನು ಕಂಡಳು. ಅವಳು ಆತುರಪಡಲಿಲ್ಲ. ಯಂತ್ರದ ಸಂಖ್ಯೆ ಕಾಣುವ ಚಿತ್ರವನ್ನೂ, ಅದು ಬಟ್ಟೆ ಹೊಲಿಯುತ್ತಿರುವ ಚಲನಚಿತ್ರವನ್ನೂ ಕೇಳಿ ತರಿಸಿಕೊಂಡಳು. ವ್ಯಾಪಾರಿ ಬರೆದ ಪ್ರತಿಯೊಂದು ಮಾತನ್ನೂ ಅಳಿಸದೆ ಉಳಿಸಿದಳು. ಕೂಡಿಟ್ಟ ಹಣವೆಲ್ಲವನ್ನೂ ಅದಕ್ಕೆ ತೆತ್ತಳು.

ಎಂಟು ದಿನಗಳ ಮೇಲೆ ಪೆಟ್ಟಿಗೆ ಮನೆಗೆ ಬಂದಿತು. ಅದರ ಒಂದು ಮೂಲೆ ಕುಸಿದಿತ್ತು. ಎತ್ತಿದಾಗ ಒಳಗೆ ಏನೋ ಉರುಳಿದ ಸದ್ದಾಯಿತು. ತಂದವನು ಸಹಿ ಮಾಡೆಂದು ಅವಸರಪಡಿಸಿದನು. ಅವಳು ಸಹಿಯ ಪಕ್ಕದಲ್ಲಿ ‘ಪೆಟ್ಟಿಗೆ ಜಖಂಗೊಂಡಿದೆ’ ಎಂದು ಬರೆದ ಬಳಿಕವೇ ಸಹಿ ಹಾಕಿದಳು. ಪೆಟ್ಟಿಗೆಯನ್ನು ಬಿಚ್ಚುವಾಗ ತಾಯಿ ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದಳು. ಮರದ ಪೀಠ ಸೀಳಿತ್ತು. ಗಾಲಿಯ ಹಿಡಿಕೆ ಮುರಿದಿತ್ತು. ಬಾಬಿನ್ನಿಗೆ ನೂಲು ಸುತ್ತುವ ಭಾಗ ಕಿತ್ತುಬಂದಿತ್ತು. ತಾಯಿ ನೆಲದ ಮೇಲೆ ಕುಳಿತುಬಿಟ್ಟಳು. ಸಮವಸ್ತ್ರಗಳ ಬಟ್ಟೆಯ ಗಂಟು ಗೋಡೆಯ ಬದಿಯಲ್ಲಿ ಹಾಗೆಯೇ ಇತ್ತು.

ಇಂಥ ಹಾನಿಗೆ ಕಾರಣವುಂಟು. ಬೀಡುಕಬ್ಬಿಣವು ಭಾರವನ್ನು ತಾಳುತ್ತದೆ, ಪೆಟ್ಟನ್ನು ತಾಳುವುದಿಲ್ಲ. ಬಲವಾದ ಹೊಡೆತಕ್ಕೆ ಬಾಗದೆ ಒಡೆಯುತ್ತದೆ. ಯಂತ್ರದ ತಲೆಯು ಎರಡು ಕೀಲುಗಳ ಮೇಲೆ ಪೀಠಕ್ಕೆ ಜೋಡಿಸಲ್ಪಟ್ಟಿರುತ್ತದೆ. ಅದನ್ನು ಬಿಡಿಸದೆ ಪೆಟ್ಟಿಗೆಯಲ್ಲಿಟ್ಟರೆ ವಾಹನದ ಪ್ರತಿ ಕುಲುಕಿಗೂ ತಲೆ ಹೊಯ್ದಾಡಿ ಪೀಠವನ್ನೇ ಬಡಿಯುತ್ತದೆ. ತಲೆ, ಪೀಠ, ಹಿಡಿಕೆಗಳನ್ನು ಬೇರೆ ಬೇರೆಯಾಗಿ ಬಟ್ಟೆಯಲ್ಲಿ ಸುತ್ತಿ, ಒಳಗೆ ಬೆರಳಿನಷ್ಟೂ ಟೊಳ್ಳು ಉಳಿಯದಂತೆ ತುಂಬಿ, ಒಂದು ಪೆಟ್ಟಿಗೆಯೊಳಗೆ ಇನ್ನೊಂದು ಪೆಟ್ಟಿಗೆಯನ್ನಿಟ್ಟು ಕಳುಹಿಸಬೇಕು. ಆ ವ್ಯಾಪಾರಿ ಸುತ್ತಿದ್ದುದು ಎರಡು ಹಳೆಯ ಪತ್ರಿಕೆಗಳನ್ನು ಮಾತ್ರ. ತಲೆಮಾರುಗಳ ಕಾಲ ಎಚ್ಚರದ ಕೈಗಳಲ್ಲಿ ಬಾಳಿದ ಯಂತ್ರವು ಒಂದು ದಿನದ ಅಲಕ್ಷ್ಯದಿಂದ ಮುರಿಯಿತು.

ಮಗಳು ಅಂದೇ ಚಿತ್ರಗಳೊಡನೆ ವ್ಯಾಪಾರಿಗೆ ಬರೆದಳು. ತಪ್ಪು ಸಾಗಣೆಯವರದೆಂದು ಅವನು ಉತ್ತರಿಸಿದನು. ಪೆಟ್ಟಿಗೆ ಕಟ್ಟಿದವನದೇ ತಪ್ಪೆಂದು ಸಾಗಣೆಯವರು ಹೇಳಿದರು. ಅವಳು ಕೂಗಾಡಲಿಲ್ಲ, ಕೈಚೆಲ್ಲಲೂ ಇಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915ನೆಯ ಸಂಖ್ಯೆಗೆ ಕರೆ ಮಾಡಿ ತನ್ನ ಹಕ್ಕುಗಳನ್ನು ತಿಳಿದುಕೊಂಡಳು. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು 2020ರ ಜುಲೈಯಲ್ಲಿ ಜಾರಿಗೆ ಬಂದಿತು. ಅದರ ಪ್ರಕಾರ, ಸ್ವಂತ ದುಡಿಮೆಯಿಂದ ಜೀವನ ಸಾಗಿಸಲೆಂದೇ ವಸ್ತುವನ್ನು ಕೊಂಡವರೂ ಗ್ರಾಹಕರೇ. ಮಾರಿದವನು ಯಾವ ಊರಿನವನಾದರೂ ಸರಿಯೆ, ಕೊಂಡವರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಸಿಂಧನೂರಿನವರಿಗೆ ಅದು ರಾಯಚೂರಿನ ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷ ರೂಪಾಯಿಗಳವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ದೂರು ಕೊಡಲು 2 ವರ್ಷಗಳ ಅವಧಿಯಿದೆ. ಅಂತರಜಾಲದ ಮಾರುಕಟ್ಟೆ ನಡೆಸುವವರು ದೂರು ಬಂದ 48 ಗಂಟೆಗಳೊಳಗೆ ಅದು ತಲುಪಿತೆಂದು ತಿಳಿಸಿ, ಒಂದು ತಿಂಗಳೊಳಗೆ ಪರಿಹಾರ ಕಾಣಿಸಬೇಕೆಂದು 2020ರ ನಿಯಮಗಳು ವಿಧಿಸಿವೆ.

ಇದನ್ನೆಲ್ಲ ಬರೆದು ಅವಳು ಆ ಮಾರುಕಟ್ಟೆಯ ದೂರು ಅಧಿಕಾರಿಗೆ ಕಳುಹಿಸಿದಳು. ಸಹಿಯ ಪಕ್ಕದ ಬರಹವನ್ನೂ ಚಿತ್ರಗಳನ್ನೂ ನೋಡಿದ ಮೇಲೆ ವ್ಯಾಪಾರಿಯ ಧಾಟಿ ಬದಲಾಯಿತು. ಯಂತ್ರವನ್ನು ಹಿಂದಿರುಗಿಸಿ ಪೂರ್ತಿ ಹಣ ಪಡೆಯಬಹುದು, ಇಲ್ಲವೆ ಯಂತ್ರವನ್ನಿಟ್ಟುಕೊಂಡು ನಷ್ಟದ ಹಣವನ್ನು ಪಡೆಯಬಹುದು ಎಂದು ಅವನು ತಿಳಿಸಿದನು.

ಅವಳು ಊರಿನ ಹಿರಿಯ ಮೆಕ್ಯಾನಿಕ್ಕನ್ನು ಕರೆತಂದಳು. ಅವನು ದೀಪ ಹಿಡಿದು ಹಾಸನ್ನೂ ತೋಳನ್ನೂ ಇಂಚಿಂಚಾಗಿ ಪರೀಕ್ಷಿಸಿದನು. ಗಾಲಿಯನ್ನು ಮೆಲ್ಲಗೆ ತಿರುಗಿಸಿ ಸೂಜಿಯ ಏರಿಳಿತವನ್ನು ನೋಡಿದನು. ಬಳಿಕ, “ತಂಗೀ, ಇದರ ಮೈ ಸೀಳಿಲ್ಲ, ಕೈ ಮುರಿದೈತಿ ಅಷ್ಟ. ಕೈ ಜೋಡಿಸಬಹುದು” ಎಂದನು. ಮೈ ಸೀಳಿದ್ದರೆ ಹಿಂದಿರುಗಿಸುವುದೇ ಸರಿಯಾಗುತ್ತಿತ್ತು.

ಬಿಡಿಭಾಗಗಳ ಬೆಲೆ, ಪೀಠದ ಮರಗೆಲಸ, ಮೆಕ್ಯಾನಿಕ್ಕಿನ ಕೂಲಿ, ಇಷ್ಟನ್ನೇ ಮಗಳು ಲೆಕ್ಕ ಹಾಕಿದಳು. “ತಪ್ಪು ಅವರದು. ಇನ್ನೂ ಹೆಚ್ಚಿಗಿ ಕೇಳಬಾರದೇನು?” ಎಂದು ತಾಯಿ ಕೇಳಿದಳು. “ಮುರಿದಷ್ಟಕ್ಕ ಕೇಳಿದರ ನ್ಯಾಯ, ಅವ್ವ. ಹೆಚ್ಚಿಗಿ ಕೇಳಿದರ ನಮ್ಮ ಮಾತಿಗೂ ಬಿರುಕು ಬೀಳತೈತಿ” ಎಂದಳು ಮಗಳು. ಮೂರನೆಯ ವಾರದಲ್ಲಿ ಹಣ ಬಂದಿತು.

ಜೂನ್ ತಿಂಗಳಲ್ಲಿ ಆ ಮನೆಯಿಂದ ಮತ್ತೆ ಸದ್ದು ಕೇಳಿಸಿತು. ಹಳೆಯ ಕಪ್ಪು ಗಾಲಿಗೆ ಹೊಸ ಹಿಡಿಕೆಯ ಬಣ್ಣ ಹೊಂದುತ್ತಿರಲಿಲ್ಲ. ಹೊಲಿಗೆ ಮಾತ್ರ ನೇರವಾಗಿತ್ತು. ಸಮವಸ್ತ್ರಗಳನ್ನು ಒಪ್ಪಿಸಿದ ದಿನ ಮಗಳು ಪೀಠದ ಒಳಮೈಗೆ ಒಂದು ಕಾಗದವನ್ನು ಅಂಟಿಸಿದಳು. ಅದರಲ್ಲಿ ಯಂತ್ರದ ಸಂಖ್ಯೆ, ದುರಸ್ತಿಯಾದ ದಿನಾಂಕ, ಎಣ್ಣೆ ಬಿಡಬೇಕಾದ ಜಾಗಗಳು ಇದ್ದವು. ಕೊನೆಯ ಸಾಲು ಹೀಗಿತ್ತು: ‘ಸಾಗಿಸುವ ಮುನ್ನ ತಲೆಯನ್ನು ಪೀಠದಿಂದ ಬಿಡಿಸಿರಿ.’ ಮುಂದೆ ಆ ಯಂತ್ರ ಯಾರ ಕೈ ಸೇರುವುದೋ ಅವರಿಗಾಗಿ ಅವಳು ಅದನ್ನು ಬರೆದಿದ್ದಳು.

ಅಭ್ಯಾಸ

ಪದಗಳ ಅರ್ಥ:
ಹಕ್ಕುಪತ್ರ – ಹೊಸ ಶೋಧದ ಮೇಲಿನ ಒಡೆತನವನ್ನು ಮನ್ನಿಸುವ ಸರ್ಕಾರದ ಪತ್ರ
ಬೀಡುಕಬ್ಬಿಣ – ಕರಗಿಸಿ ಅಚ್ಚಿನಲ್ಲಿ ಎರೆದ ಕಬ್ಬಿಣ
ಹಾಸು – ಯಂತ್ರದಲ್ಲಿ ಬಟ್ಟೆ ಹರಿಯುವ ಚಪ್ಪಟೆ ಭಾಗ
ಜಖಂ – ಪೆಟ್ಟು, ಹಾನಿ

ಪ್ರಶ್ನೆಗಳು:
1. ತಿಮೋನಿಯೆಯ ಯಂತ್ರಗಳನ್ನು ದರ್ಜಿಗಳು ಏಕೆ ಒಡೆದರು?
2. ಮಸ್ಕಿಯ ಶಾಸನವನ್ನು ಈ ಪಾಠದಲ್ಲಿ ಏಕೆ ನೆನೆಯಲಾಗಿದೆ?
3. ಯಂತ್ರವು ಪ್ರಯಾಣದಲ್ಲಿ ಮುರಿಯಲು ಕಾರಣಗಳೇನು?
4. “ಹೆಚ್ಚಿಗಿ ಕೇಳಿದರ ನಮ್ಮ ಮಾತಿಗೂ ಬಿರುಕು ಬೀಳತೈತಿ.” ಈ ಮಾತನ್ನು ಯಾರು, ಯಾವಾಗ ಹೇಳಿದರು? ಇದರ ಸ್ವಾರಸ್ಯವೇನು?
5. ಕೊಂಡ ವಸ್ತು ಜಖಂಗೊಂಡು ಬಂದಾಗ ಗ್ರಾಹಕರು ಅನುಸರಿಸಬೇಕಾದ ಕ್ರಮವನ್ನು ನಿಮ್ಮ ಮಾತುಗಳಲ್ಲಿ ಬರೆಯಿರಿ.